ಪಾದಕ್ಕೆ ನೆಲ ತಿಳಿಯದಾದಾಗ: ಸಕ್ಕರೆ ಕಾಯಿಲೆಯ ನರಹಾನಿಗೆ ಸಮತೋಲನದ ವ್ಯಾಯಾಮ

ಬೆಳಿಗ್ಗೆ ವಾಶ್‌ಬೇಸಿನ್ ಮುಂದೆ ನಿಂತು ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚುತ್ತೀರಿ. ಅಷ್ಟರಲ್ಲೇ ಮೈ ಮುಂದಕ್ಕೋ ಪಕ್ಕಕ್ಕೋ ವಾಲಿದ ಹಾಗಾಗಿ ಕೈ ತಾನಾಗಿ ಬೇಸಿನ್ನಿನ ಅಂಚನ್ನು ಹಿಡಿಯುತ್ತದೆ. ಹಲವು ವರ್ಷಗಳಿಂದ ಶುಗರ್ ಇರುವ ಅನೇಕರಿಗೆ ಇದು ಗೊತ್ತಿರುವ ಅನುಭವ. ಆದರೆ ಡಾಕ್ಟರ ಹತ್ತಿರ ಹೇಳುವವರು ಕಡಿಮೆ. ತಲೆಸುತ್ತು ಅಂದುಕೊಳ್ಳುತ್ತಾರೆ, ಇಲ್ಲವೇ ವಯಸ್ಸಾಯಿತು ಎಂದು ಸುಮ್ಮನಾಗುತ್ತಾರೆ. ನಿಜದಲ್ಲಿ ತಲೆ ಸುತ್ತಿರುವುದಿಲ್ಲ. ಕಣ್ಣು ಮುಚ್ಚಿದಾಗ ಮೈ ಎತ್ತ ವಾಲುತ್ತಿದೆ ಎಂದು ಮಿದುಳಿಗೆ ಹೇಳಬೇಕಾದದ್ದು ಪಾದ. ಆ ಸುದ್ದಿ ಅಲ್ಲಿಂದ ಬರುತ್ತಿಲ್ಲ.

ಈ ತೊಂದರೆಗೆ ಮಾತ್ರೆಯಿಲ್ಲ. ಕಾಲುರಿಗೆ ಕೊಡುವ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ಔಷಧಿಗಳು ಉರಿಯನ್ನು ತಗ್ಗಿಸುತ್ತವೆ, ಕಳೆದುಹೋದ ಸ್ಪರ್ಶವನ್ನು ತರುವುದಿಲ್ಲ. ಮಂಪರು ತರಿಸಿ ನಡಿಗೆಯನ್ನು ಇನ್ನಷ್ಟು ತೂರಾಡಿಸುವುದೂ ಉಂಟು. ಸಮತೋಲನಕ್ಕೆ ನೆರವಾಗುವುದು ವ್ಯಾಯಾಮ, ಅದರಲ್ಲೂ ಸಮತೋಲನಕ್ಕೆಂದೇ ಮಾಡುವ ವ್ಯಾಯಾಮ. ‘ದಿನಾ ವಾಕಿಂಗ್ ಮಾಡ್ತೀನಲ್ಲ’ ಎನ್ನುವವರು ಬಹಳ. ವಾಕಿಂಗ್ ಶುಗರ್‌ಗೂ ಹೃದಯಕ್ಕೂ ಒಳ್ಳೆಯದು, ಬಿಡಬಾರದು. ಆದರೆ ಮಟ್ಟಸವಾದ ರಸ್ತೆಯಲ್ಲಿ ನೇರಕ್ಕೆ ನಡೆಯುವುದರಿಂದ ಎಡವಿದಾಗ ಸಾವರಿಸಿಕೊಳ್ಳುವ ಕೌಶಲ ಬರುವುದಿಲ್ಲ. ಅದನ್ನು ಬೇರೆಯಾಗಿಯೇ ಕಲಿಯಬೇಕು.

ಉದ್ದದ ನರ ಮೊದಲು ಸೊರಗುತ್ತದೆ

ಸುಮ್ಮನೆ ನಿಂತಿರುವಾಗಲೂ ದೇಹ ಸದಾ ಸಣ್ಣದಾಗಿ ವಾಲುತ್ತಿರುತ್ತದೆ, ಸ್ನಾಯುಗಳು ಅದನ್ನು ತಿದ್ದುತ್ತಿರುತ್ತವೆ. ತಿದ್ದಲು ಬೇಕಾದ ಮಾಹಿತಿ ಬರುವುದು ಕಣ್ಣಿನಿಂದ, ಒಳಕಿವಿಯಿಂದ, ಮತ್ತು ಪಾದ-ಕಾಲುಗಳ ಚರ್ಮ, ಸ್ನಾಯು, ಕೀಲುಗಳಿಂದ. ಗಟ್ಟಿ ನೆಲದ ಮೇಲೆ ನಿಂತ ಆರೋಗ್ಯವಂತರು ಹೆಚ್ಚಾಗಿ ನೆಚ್ಚುವುದು ಈ ಮೂರನೆಯದನ್ನೇ.

ಸಕ್ಕರೆ ಕಾಯಿಲೆ ಹಾಳುಮಾಡುವುದೂ ಅದನ್ನೇ. ಸೊಂಟದ ಬಳಿಯಿಂದ ಕಾಲ್ಬೆರಳಿಗೆ ಹೋಗುವ ನರದ ಎಳೆ ಸುಮಾರು ಒಂದು ಮೀಟರ್ ಉದ್ದ, ದೇಹದಲ್ಲಿ ಅತಿ ಉದ್ದವಾದದ್ದು. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿ, ನರಕ್ಕೆ ರಕ್ತ ಒಯ್ಯುವ ಸೂಕ್ಷ್ಮ ನಾಳಗಳು ಕೆಟ್ಟಾಗ ಮೊದಲು ಸೊರಗುವುದು ಈ ಉದ್ದ ಎಳೆಗಳ ತುದಿ. ಹಾಗಾಗಿ ಜೋಮು ಕಾಲ್ಬೆರಳುಗಳಲ್ಲಿ ಶುರುವಾಗಿ, ಕಾಲುಚೀಲ ಹಾಕಿದ ಹಾಗೆ ಎರಡೂ ಕಾಲಲ್ಲಿ ಮೇಲಕ್ಕೆ ಏರುತ್ತದೆ. ಅದು ಮಂಡಿಯ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಯೂ ಮರಗಟ್ಟತೊಡಗುತ್ತದೆ.

ನರದೊಳಗಿನ ಸಣ್ಣ ಎಳೆಗಳು ನೋವು, ಉರಿ, ಬಿಸಿ-ತಣ್ಣನೆಯ ಸುದ್ದಿ ತರುತ್ತವೆ. ದಪ್ಪ ಎಳೆಗಳು ಕಂಪನವನ್ನೂ ಕೀಲು ಎಷ್ಟು ಬಾಗಿದೆ ಎಂಬುದನ್ನೂ ತಿಳಿಸುತ್ತವೆ. ಸಮತೋಲನ ಮುಖ್ಯವಾಗಿ ಕೆಡುವುದು ದಪ್ಪ ಎಳೆಗಳು ಹಾಳಾದಾಗ. ಆದ್ದರಿಂದ ‘ನನಗೆ ಉರಿ ಗಿರಿ ಏನಿಲ್ಲ, ನರ ಚೆನ್ನಾಗಿದೆ’ ಎಂಬ ಲೆಕ್ಕ ತಪ್ಪು. ಈ ನರಹಾನಿ ಇರುವವರಲ್ಲಿ ಅರ್ಧದಷ್ಟು ಮಂದಿಗೆ ಉರಿಯೂ ಇರಲಿಕ್ಕಿಲ್ಲ, ನೋವೂ ಇರಲಿಕ್ಕಿಲ್ಲ. ಹತ್ತಿಯ ಮೇಲೆ ನಡೆದ ಹಾಗೆ ಅನ್ನಿಸುವುದು, ಚಪ್ಪಲಿ ಕಾಲಿಂದ ಜಾರಿ ಹೋದದ್ದು ನಾಲ್ಕು ಹೆಜ್ಜೆ ಆದಮೇಲೆ ಗೊತ್ತಾಗುವುದು, ಕತ್ತಲಲ್ಲಿ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಲಾಗದಿರುವುದು: ದಪ್ಪ ಎಳೆಗಳ ಹಾನಿ ಹೀಗೆ ಕಾಣಿಸಿಕೊಳ್ಳುತ್ತದೆ.

ಜೊತೆಗೆ ಪಾದದೊಳಗಿನ ಸಣ್ಣ ಸ್ನಾಯುಗಳು ಕರಗಿ ಬೆರಳುಗಳು ಕೊಕ್ಕೆಯಾಗುತ್ತವೆ. ಪಾದವನ್ನು ಮೇಲಕ್ಕೆತ್ತುವ ಸ್ನಾಯು ಬಲ ಕಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಹೆಚ್ಚಿದ್ದ ಸಕ್ಕರೆ ಸ್ನಾಯುರಜ್ಜುವಿನ ಪ್ರೋಟೀನಿಗೆ ಅಂಟಿಕೊಂಡು ಹಿಮ್ಮಡಿಯ ಹಿಂದಿನ ದಪ್ಪ ರಜ್ಜು ಬಿಗಿಯಾಗುತ್ತದೆ, ಪಾದದ ಕೀಲು ಸಲೀಸಾಗಿ ಮೇಲಕ್ಕೆ ಬಾಗುವುದಿಲ್ಲ. ಇದರಿಂದ ಎರಡು ಪರಿಣಾಮ. ನಡೆಯುವಾಗ ಬೆರಳ ತುದಿ ಕಾಲೊರಸಿನ ಅಂಚಿಗೋ ಹೊಸ್ತಿಲಿಗೋ ತಾಗುತ್ತದೆ. ಮತ್ತು ಪಾದದ ಮುಂಭಾಗದ ಮೇಲೆ ಅತಿಯಾದ ಒತ್ತಡ ಬಿದ್ದು ಆಣಿಯಾಗುತ್ತದೆ, ಅದರಡಿಯಲ್ಲಿ ಹುಣ್ಣಾಗುತ್ತದೆ.

ಇಷ್ಟೆಲ್ಲ ಕೆಟ್ಟಿರುವಾಗ ವ್ಯಾಯಾಮ ಏನು ಮಾಡೀತು? ಮೊದಲನೆಯದಾಗಿ, ಉಳಿದಿರುವ ಸುದ್ದಿಮೂಲಗಳನ್ನು, ಅಂದರೆ ಮಂಡಿ, ಸೊಂಟದ ಕೀಲುಗಳು, ಒಳಕಿವಿ, ಕಣ್ಣು ಇವುಗಳನ್ನು ಹೆಚ್ಚು ಚುರುಕಾಗಿ ಬಳಸಲು ಮಿದುಳಿಗೆ ಕಲಿಸುತ್ತದೆ. ಎರಡನೆಯದಾಗಿ, ವಾಲಿದಾಗ ತಕ್ಷಣ ಎಳೆದು ನಿಲ್ಲಿಸುವ ಬಲವನ್ನು ಕಾಲಿಗೂ ಸೊಂಟಕ್ಕೂ ಕೊಡುತ್ತದೆ. ಜಿನೀವಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನರಹಾನಿ ಇದ್ದವರು ವಾರಕ್ಕೆರಡು ಬಾರಿ, ತಲಾ ಒಂದು ಗಂಟೆ, 12 ವಾರ ನಡಿಗೆ-ಸಮತೋಲನ-ಬಲದ ತರಬೇತಿ ಪಡೆದಾಗ ನಡಿಗೆಯ ವೇಗವೂ ಸಮತೋಲನವೂ ಸುಧಾರಿಸಿದವು. ನರಕ್ಕೇ ಲಾಭವಾಗುವ ಸೂಚನೆಗಳೂ ಇವೆ. ಮಣಿಪಾಲದ ಫಿಸಿಯೋಥೆರಪಿ ತಜ್ಞರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಂಟು ವಾರಗಳ ಮಧ್ಯಮ ತೀವ್ರತೆಯ ಏರೋಬಿಕ್ ವ್ಯಾಯಾಮದಿಂದ ಕಾಲಿನ ನರಗಳ ಸಂವಹನ ಉತ್ತಮಗೊಂಡಿತು. ಹಾಗೆಂದು ಪೂರ್ತಿ ಮರಗಟ್ಟಿದ ಪಾದಕ್ಕೆ ಮೊದಲಿನ ಸ್ಪರ್ಶ ಮರಳುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಬೀಳದಂತೆ ಇರುವುದು ಸಾಧ್ಯವಾಗುವ ಗುರಿ, ಮತ್ತು ಅದು ಸಣ್ಣದಲ್ಲ.

ಶುರುವಿಗೆ ಮೊದಲು ಅಳತೆ

ಪಾದದ ಸ್ಪರ್ಶ ಎಷ್ಟು ಉಳಿದಿದೆ ಎಂದು ಮೊದಲು ತಿಳಿಯಬೇಕು. ಆಸ್ಪತ್ರೆಯಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, 128 ಹರ್ಟ್ಸ್‌ನ ಶ್ರುತಿಕವೆಯನ್ನು (ತಟ್ಟಿದಾಗ ಕಂಪಿಸುವ ಲೋಹದ ಕವೆ) ಹೆಬ್ಬೆರಳ ಮೂಳೆಗೆ ತಾಗಿಸಿ ನೋಡುತ್ತಾರೆ. ಆ ಎಳೆ ಒತ್ತಿದ್ದು ತಿಳಿಯದಿದ್ದರೆ ಪಾದ ತನ್ನನ್ನು ತಾನು ಕಾಪಾಡಿಕೊಳ್ಳುವ ಸ್ಪರ್ಶವನ್ನು ಕಳೆದುಕೊಂಡಿದೆ ಎಂದು ಅರ್ಥ. ಅಂಥವರು ಇಲ್ಲಿ ಹೇಳುವ ಯಾವುದನ್ನೂ ಬರಿಗಾಲಲ್ಲಿ ಮಾಡಬಾರದು.

ಇದರ ಜೊತೆ ವಿಟಮಿನ್ ಬಿ12 ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡರೆ ಬಿ12 ಇಳಿಯಬಹುದು. ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ ಇರುವುದು ಸಾಮಾನ್ಯ. ಬಿ12 ಕೊರತೆಯೂ ಥೇಟ್ ಇದೇ ಬಗೆಯ ಮರಗಟ್ಟುವಿಕೆ, ತೂರಾಟ ತರುತ್ತದೆ, ಆದರೆ ಬೇಗ ಗುರುತಿಸಿದರೆ ಅದನ್ನು ಸರಿಪಡಿಸಬಹುದು. ಎಲ್ಲವನ್ನೂ ಶುಗರ್‌ನ ಲೆಕ್ಕಕ್ಕೆ ಬರೆದು ಇದನ್ನು ಬಿಟ್ಟುಬಿಡುವುದು ಬೇಸರದ ಸಂಗತಿ.

ಮನೆಯಲ್ಲಿ ಮಾಡುವ ಅಳತೆಗಳಲ್ಲಿ ಮುಖ್ಯವಾದದ್ದು ಎದ್ದು-ನಡೆದು-ಕೂರುವ ಪರೀಕ್ಷೆ. ಗಟ್ಟಿ ಕುರ್ಚಿ ಇಟ್ಟು, ಅದರಿಂದ 3 ಮೀಟರ್ ದೂರದಲ್ಲಿ ನೆಲಕ್ಕೆ ಟೇಪು ಅಂಟಿಸಿ. ‘ಹೊರಡಿ’ ಎಂದಾಗ ಎದ್ದು, ಎಂದಿನ ವೇಗದಲ್ಲಿ ಟೇಪಿನವರೆಗೆ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹಿರಿಯರಿಗಾಗಿ ಮಾಡಿರುವ ಕ್ರಮ ಹೇಳುತ್ತದೆ. ಗಡಿಯಾರದಷ್ಟೇ ಗಮನ ತಿರುವಿನ ಮೇಲೂ ಇರಲಿ. ಪಾದದ ಮೇಲೆ ನಂಬಿಕೆ ಇರುವವರು ಮೂರು ನಾಲ್ಕು ಹೆಜ್ಜೆಯಲ್ಲಿ ತಿರುಗುತ್ತಾರೆ. ನರಹಾನಿ ಇರುವವರು ಟೇಪಿನ ಬಳಿ ತಡೆದು, ಕಣ್ಣನ್ನು ಪಾದದ ಮೇಲೆ ನೆಟ್ಟು, ಪುಟ್ಟ ಪುಟ್ಟ ಹೆಜ್ಜೆ ಇಡುತ್ತ, ಕಾಲನ್ನು ಅಗಲಿಸಿ ತಿರುಗುತ್ತಾರೆ. ಕೆಲವರ ಕೈ ಆಗ ಗಾಳಿಯಲ್ಲಿ ಏನನ್ನೋ ಹುಡುಕುತ್ತದೆ. ಸಮಯ 11 ಸೆಕೆಂಡೇ ಬಂದರೂ ಇಂಥ ತಿರುವು ಕಂಡರೆ ತಿರುಗುವುದನ್ನೇ ಅಭ್ಯಾಸ ಮಾಡಿಸಬೇಕು.

ಇನ್ನೊಂದು, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ ಒಂದೇ ಸಾಲಿನಲ್ಲಿ ನಿಲ್ಲುವುದು. 10 ಸೆಕೆಂಡು ನಿಲ್ಲಲಾಗದಿದ್ದರೆ ಅದೂ ಅಪಾಯದ ಗುರುತು. ಪಕ್ಕದಲ್ಲಿ ಒಬ್ಬರು ನಿಂತಿರದೆ ಇದನ್ನು ಮಾಡಬೇಡಿ. ಎರಡೂ ಅಂಕಿಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಮತ್ತೆ ನೋಡುವುದು 6 ವಾರಕ್ಕೊಮ್ಮೆ.

ಯಾರು ತಡೆಯಬೇಕು

ಅಂಗಾಲಿನಲ್ಲಿ ತೆರೆದ ಹುಣ್ಣಿದ್ದರೆ ನಿಂತು ಮಾಡುವ ವ್ಯಾಯಾಮ ಬೇಡ. ಕುಳಿತು, ಮಲಗಿ ಮಾಡುವುದು ಮಾತ್ರ. ಒಂದು ಪಾದ ಇನ್ನೊಂದಕ್ಕಿಂತ ಬೆಚ್ಚಗಾಗಿ, ಕೆಂಪಾಗಿ, ಊದಿಕೊಂಡಿದ್ದು ನೋವು ಮಾತ್ರ ಅಷ್ಟಿಲ್ಲದಿದ್ದರೆ ಅದು ಮೂಳೆಗಳು ಒಳಗೇ ಕುಸಿಯುವ ಶಾರ್ಕೋ ಪಾದ ಇರಬಹುದು. ಅಂದೇ ಆ ಕಾಲಿನ ಮೇಲೆ ಭಾರ ಹಾಕುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ‘ನೋವಿಲ್ಲ, ನಾಳೆ ನೋಡೋಣ’ ಎಂದು ಓಡಾಡಿದ ಒಂದು ವಾರದಲ್ಲಿ ಪಾದದ ಆಕಾರವೇ ಶಾಶ್ವತವಾಗಿ ಕೆಡಬಹುದು. ಕಣ್ಣಿನ ಅಕ್ಷಿಪಟಲದಲ್ಲಿ (ರೆಟಿನಾ) ಹೊಸ ರಕ್ತನಾಳ ಬೆಳೆದವರು, ಇತ್ತೀಚೆಗೆ ಲೇಸರ್ ಮಾಡಿಸಿಕೊಂಡವರು ತಲೆ ಕೆಳಗಾಗುವ, ಉಸಿರು ಬಿಗಿಹಿಡಿಯುವ ವ್ಯಾಯಾಮಗಳನ್ನು ಕಣ್ಣಿನ ಡಾಕ್ಟರನ್ನು ಕೇಳದೆ ಮಾಡಬಾರದು.

ರಕ್ತದೊತ್ತಡವನ್ನು ಐದು ನಿಮಿಷ ಮಲಗಿದ್ದು ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಮತ್ತೊಮ್ಮೆ ಅಳೆಯಿರಿ. ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ರಕ್ತದೊತ್ತಡ ಕಾಯುವ ನರಗಳೂ ಕೆಟ್ಟಿರಬಹುದು. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆಗಳೂ ಹೀಗೆ ಮಾಡುತ್ತವೆ. ಇಂಥವರು ಕುಳಿತಲ್ಲಿಂದ ಏಳುವ ಮೊದಲು ಹಿಮ್ಮಡಿ-ಬೆರಳುಗಳನ್ನು 20 ಸಲ ಮೇಲೆ ಕೆಳಗೆ ಆಡಿಸಿ, ಎದ್ದ ಮೇಲೆ ಹತ್ತರವರೆಗೆ ಎಣಿಸಿ ಹೆಜ್ಜೆ ಇಡಬೇಕು. ಅದೇ ನರಹಾನಿ ಹೃದಯದ ನೋವನ್ನೂ ಮರೆಮಾಚುತ್ತದೆ. ಎದೆನೋವೇ ಬರಬೇಕೆಂದಿಲ್ಲ, ಹಿಂದೆಂದೂ ಇಲ್ಲದ ಏದುಸಿರು ಅಥವಾ ವಿಪರೀತ ಸುಸ್ತು ಬಂದರೂ ನಿಲ್ಲಿಸಿ ತೋರಿಸಬೇಕು.

ಶುಗರನ್ನು ತೀರಾ ಇಳಿಸಿಬಿಡಬಲ್ಲ ಇನ್ಸುಲಿನ್, ಗ್ಲಿಮಿಪಿರೈಡ್, ಗ್ಲಿಕ್ಲಜೈಡ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಮಾಡಬೇಡಿ. ತಿಂಡಿ ತಿಂದು ಒಂದೆರಡು ಗಂಟೆಯ ಬಳಿಕ ಒಳ್ಳೆಯದು. ಶುರುವಿಗೆ ಮೊದಲು ಗ್ಲುಕೋಮೀಟರ್ 90ಕ್ಕಿಂತ ಕಡಿಮೆ ತೋರಿಸಿದರೆ ಏನಾದರೂ ತಿಂದೇ ಶುರು ಮಾಡಿ. ನಡುವೆ ಬೆವರು, ನಡುಕ ಬಂದು 70ಕ್ಕಿಂತ ಇಳಿದಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಕುಳಿತು, ಮತ್ತೆ ನೋಡಿ. ಶುಗರ್ ಇಳಿದವರ ಕಾಲು ತೂರಾಡುವುದು ನರಹಾನಿಯ ತೂರಾಟದ ಹಾಗೇ ಕಾಣುತ್ತದೆ.

ಅಡುಗೆಮನೆಯ ಕಟ್ಟೆಯ ಬಳಿ

ಜಾಗ ಮುಖ್ಯ. ಅಡುಗೆಮನೆಯ ಕಲ್ಲಿನ ಕಟ್ಟೆ ಸೊಂಟದ ಎತ್ತರಕ್ಕಿರುತ್ತದೆ, ಅಲುಗಾಡುವುದಿಲ್ಲ. ಇದಕ್ಕಿಂತ ಒಳ್ಳೆಯ ಆಸರೆ ಮನೆಯಲ್ಲಿ ಸಿಗುವುದು ಕಷ್ಟ. ನೆಲ ಒಣಗಿರಲಿ, ಕಾಲೊರಸು ತೆಗೆದುಬಿಡಿ, ದೀಪ ಹಾಕಿ. ಹಿಂದೆ ಮರದ ಅಥವಾ ಕಬ್ಬಿಣದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಪಕ್ಕಕ್ಕೆ ಒತ್ತಡ ಬಿದ್ದರೆ ಅದು ಜಾರುತ್ತದೆ. ಕಾಲಿಗೆ ಬಿಳಿ ಕಾಲುಚೀಲ, ಹಿಂದೆ ಪಟ್ಟಿ ಇರುವ ಎಂಸಿಆರ್ (ಮೆತ್ತನೆಯ ರಬ್ಬರಿನ) ಚಪ್ಪಲಿ ಅಥವಾ ಬೆರಳ ಬಳಿ ಅಗಲವಿರುವ ಶೂ. ಕಾಲುಚೀಲ ಬಿಳಿಯದೇ ಏಕೆಂದರೆ, ಗಾಯವಾಗಿ ನೋವು ತಿಳಿಯದಿದ್ದರೂ ರಕ್ತದ ಕಲೆ ಕಣ್ಣಿಗೆ ಬೀಳುತ್ತದೆ. ಹಾಕುವ ಮುನ್ನ ಶೂ ಒಳಗೆ ಕೈ ಹಾಕಿ ತಡವಿ ನೋಡಿ. ವ್ಯಾಯಾಮ ಮುಗಿದ ಮೇಲೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿ, ಇಲ್ಲವೇ ಮನೆಯವರಿಂದ ನೋಡಿಸಿ.

ಮೀನಖಂಡ ಎಳೆಯುವುದರಿಂದ ಆರಂಭಿಸಿ. ಕಟ್ಟೆಗೆ ಎರಡೂ ಕೈ ಊರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಿನ ಮಂಡಿಯನ್ನು ಬಗ್ಗಿಸಿ. ಹಿಂದಿನ ಮಂಡಿ ನೇರವಿಟ್ಟು 30 ಸೆಕೆಂಡು, ಅದನ್ನು ಸ್ವಲ್ಪ ಬಗ್ಗಿಸಿ 30 ಸೆಕೆಂಡು. ಪ್ರತಿ ಕಾಲಿಗೆ ಮೂರು ಸಲ. ಹಿಂದಿನ ಪಾದದ ಬೆರಳುಗಳು ನೇರ ಮುಂದಕ್ಕೇ ಇರಬೇಕು. ಹೆಚ್ಚಿನವರು ಪಾದವನ್ನು ಹೊರಕ್ಕೆ ತಿರುಗಿಸುತ್ತಾರೆ, ಆಗ ಎಳೆತ ರಜ್ಜುವಿಗೆ ಸಿಗದೆ ಪಾದದ ಕಮಾನು ಕುಸಿಯುತ್ತದೆ. ಸ್ಪರ್ಶವಿಲ್ಲದ್ದರಿಂದ ಅದು ತಿಳಿಯುವುದೂ ಇಲ್ಲ, ಕಣ್ಣಿಂದಲೇ ನೋಡಿ ಸರಿಮಾಡಿಕೊಳ್ಳಬೇಕು.

ಆಮೇಲೆ ಬಲ. ಕುರ್ಚಿಯಿಂದ ಕೈ ಊರದೆ ಏಳುವುದು 8ರಿಂದ 10 ಸಲ, ಎರಡು ಸುತ್ತು. ಕೂರುವಾಗ ಧೊಪ್ಪೆಂದು ಬೀಳದೆ ಮೂರು ಸೆಕೆಂಡು ತೆಗೆದುಕೊಂಡು ಇಳಿಯಿರಿ. ತೊಡೆಗೆ ಬಲ ಬರುವುದು ಆ ನಿಧಾನದಲ್ಲೇ. ಏಳಲಾಗದಿದ್ದರೆ ಕುರ್ಚಿಯ ಮೇಲೆ ಗಟ್ಟಿ ದಿಂಬಿಟ್ಟು ಎತ್ತರಿಸಿ, ವಾರ ಕಳೆದಂತೆ ತಗ್ಗಿಸುತ್ತ ಬನ್ನಿ. ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು 10 ಸಲ. ಪಾದದ ಮುಂಭಾಗದಲ್ಲಿ ಹಿಂದೆ ಹುಣ್ಣಾಗಿದ್ದವರು, ಅಲ್ಲಿ ಆಣಿ ಇರುವವರು ಇದನ್ನು ಕುಳಿತೇ ಮಾಡಲಿ. ಬೆನ್ನನ್ನು ಗೋಡೆಗೆ ಆನಿಸಿ, ಹಿಮ್ಮಡಿಯನ್ನು ಗೋಡೆಯಿಂದ ಒಂದು ಗೇಣಿನಷ್ಟು ಮುಂದಿಟ್ಟು, ಪಾದದ ಮುಂಭಾಗ ಎತ್ತುವುದು 10 ಸಲ. ಹೊಸ್ತಿಲಿಗೆ ಬೆರಳು ತಾಗುವುದನ್ನು ತಪ್ಪಿಸುವ ಸ್ನಾಯುವಿಗೆ ಇದೇ ಮದ್ದು.

ಸೊಂಟದ ಪಕ್ಕದ ಸ್ನಾಯುಗಳಿಗೆ ನಾವು ಕೊಡುವ ಮಹತ್ವ ಅನೇಕರಿಗೆ ಆಶ್ಚರ್ಯ ತರುತ್ತದೆ. ತೊಂದರೆ ಪಾದದಲ್ಲಿ ಅಲ್ಲವೇ? ಸಣ್ಣ ವಾಲಾಟವನ್ನು ಆರೋಗ್ಯವಂತರು ಪಾದದ ಕೀಲಿನಿಂದಲೇ ತಿದ್ದುತ್ತಾರೆ. ನರಹಾನಿಯಲ್ಲಿ ಅಲ್ಲಿಂದ ಬರುವ ಸುದ್ದಿ ತಡ, ಬಲವೂ ಕಡಿಮೆ. ಹಾಗಾಗಿ ದೇಹ ಸೊಂಟವನ್ನು ಆಡಿಸಿ ತಿದ್ದಿಕೊಳ್ಳುತ್ತದೆ. ಸೊಂಟದ ನರ ಗಿಡ್ಡದು, ಅದಿನ್ನೂ ಚೆನ್ನಾಗಿರುತ್ತದೆ. ಪಕ್ಕಕ್ಕೆ ಬಿದ್ದಾಗಲೇ ಸೊಂಟದ ಮೂಳೆ ಹೆಚ್ಚಾಗಿ ಮುರಿಯುವುದು ಎಂಬುದೂ ನೆನಪಿರಲಿ. ಕಟ್ಟೆ ಹಿಡಿದು ನೇರ ನಿಂತು, ಮೈ ಓರೆ ಮಾಡದೆ ಒಂದು ಕಾಲನ್ನು ಪಕ್ಕಕ್ಕೆ ಎತ್ತಿ 10 ಸಲ. ಬಳಿಕ ಕಟ್ಟೆಯ ಉದ್ದಕ್ಕೂ ಅಡ್ಡಡ್ಡ ಹೆಜ್ಜೆ ಹಾಕುತ್ತ ಆ ತುದಿಗೆ ಹೋಗಿ ಬರುವುದು.

ಈಗ ಸಮತೋಲನದ ಮೆಟ್ಟಿಲುಗಳು. ಪಾದಗಳನ್ನು ಜೋಡಿಸಿ ನಿಲ್ಲುವುದು ಮೊದಲನೆಯದು. ಒಂದು ಪಾದವನ್ನು ಅರ್ಧ ಮುಂದಿಡುವುದು ಎರಡನೆಯದು. ಹಿಮ್ಮಡಿಗೆ ಬೆರಳು ತಾಗಿಸಿ ಒಂದೇ ಸಾಲಲ್ಲಿ ನಿಲ್ಲುವುದು ಮೂರನೆಯದು. ಒಂಟಿಕಾಲು ಕೊನೆಯದು. ಪ್ರತಿ ನಿಲುವಿನಲ್ಲೂ ಕೈಯ ಆಸರೆಯನ್ನು ಹಂತಹಂತವಾಗಿ ಕಳೆಯಬೇಕು: ಎರಡು ಕೈ, ಒಂದು ಕೈ, ಒಂದೇ ಬೆರಳು, ಆಮೇಲೆ ಕಟ್ಟೆಯ ಮೇಲೆ ಒಂದಂಗುಲ ಎತ್ತರದಲ್ಲಿ ತೇಲುವ ಕೈ. 30 ಸೆಕೆಂಡನ್ನು ಮೂರು ಸಲ ಕಟ್ಟೆ ಮುಟ್ಟದೆ ನಿಂತರೆ ಮಾತ್ರ ಮುಂದಿನ ಮೆಟ್ಟಿಲು.

ಬಹಳ ಮಂದಿ ತಪ್ಪು ಮಾಡುವುದು ಇಲ್ಲಿಯೇ. ಕೆಲವರು ಕಟ್ಟೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ತಿಂಗಳುಗಟ್ಟಲೆ ಒಂಟಿಕಾಲಲ್ಲಿ ನಿಲ್ಲುತ್ತಾರೆ. ಆಗ ಕೆಲಸ ಮಾಡುವುದು ತೋಳು, ಮಿದುಳು ಹೊಸದೇನನ್ನೂ ಕಲಿಯುವುದಿಲ್ಲ. ಸ್ವಲ್ಪ ವಾಲಬೇಕು, ಸಾವರಿಸಿಕೊಳ್ಳಬೇಕು. ಕಲಿಕೆ ನಡೆಯುವುದು ಆ ಸಾವರಿಸಿಕೊಳ್ಳುವುದರಲ್ಲಿ. ಮೈ ಕೊಂಚವೂ ಅಲುಗದ ವ್ಯಾಯಾಮ ನಿಮಗೆ ಸುಲಭವಾಯಿತು ಎಂದೇ ತಿಳಿಯಿರಿ. ಪ್ರತಿ ಸಲವೂ ಕಟ್ಟೆಗೆ ಜೋತುಬೀಳಬೇಕಾದರೆ ಅದು ಕಷ್ಟವಾಯಿತು, ಒಂದು ಮೆಟ್ಟಿಲು ಕೆಳಗಿಳಿಯಿರಿ.

ನಿಲ್ಲುವುದು ಹಿಡಿತಕ್ಕೆ ಬಂದ ಮೇಲೆ ಚಲನೆ ಸೇರಿಸಿ. ತಲೆಯನ್ನು ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸುವುದು. ಕಟ್ಟೆಯ ಮೇಲಿನ ಡಬ್ಬಿಯನ್ನು ಕೈ ಚಾಚಿ ಆಚೆ ಈಚೆ ಇಡುವುದು. ಮನೆಯವರು ‘ಮುಂದೆ’, ‘ಹಿಂದೆ’, ‘ಎಡ’, ‘ಬಲ’ ಎಂದಾಗ ಆ ದಿಕ್ಕಿಗೆ ಚಟ್ಟನೆ ಒಂದು ಹೆಜ್ಜೆ ಇಟ್ಟು ವಾಪಸಾಗುವುದು. ನಮ್ಮ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಒಂದನ್ನೇ ಆರಿಸಿ ಎಂದರೆ ಈ ಹೆಜ್ಜೆಯನ್ನೇ ಆರಿಸುತ್ತೇವೆ. ಎಡವಿದ ಮನುಷ್ಯನನ್ನು ಉಳಿಸುವುದು ಸರಿಯಾದ ಜಾಗದಲ್ಲಿ ಬೇಗ ಬಿದ್ದ ಒಂದು ಹೆಜ್ಜೆ. ಕೊನೆಗೆ ನಡಿಗೆ: ಕಟ್ಟೆಯ ಪಕ್ಕ ಹಿಂದು ಹಿಂದಕ್ಕೆ, ಗೆರೆಯ ಮೇಲೆ, ಎರಡು ಚೊಂಬುಗಳ ಸುತ್ತ ಎಂಟರ ಆಕಾರದಲ್ಲಿ. ಅದೂ ಸಲೀಸಾದರೆ ನಡೆಯುತ್ತಲೇ 100ರಿಂದ ಮೂರು ಮೂರು ಕಳೆಯುತ್ತ ಎಣಿಸಿ. ಮಾತಾಡುತ್ತ ನಡೆಯುವಾಗ ಕಾಲು ನಿಂತುಬಿಡುತ್ತದಾದರೆ, ನಡಿಗೆಗೆ ಇನ್ನೂ ಪೂರ್ತಿ ಗಮನ ಬೇಕಾಗಿದೆ ಎಂದರ್ಥ.

ಒಟ್ಟು 30 ನಿಮಿಷ, ವಾರಕ್ಕೆ ಮೂರು ದಿನ. ಫಲ ಕಾಣಲು 8ರಿಂದ 12 ವಾರ ಬೇಕು. ಬಿಟ್ಟರೆ ಗಳಿಸಿದ್ದು ಕರಗುತ್ತದೆ. ಮೊದಲ ಕೆಲವು ಸಲವಾದರೂ ಫಿಸಿಯೋಥೆರಪಿಸ್ಟ್ ಎದುರಲ್ಲಿ ಮಾಡಿ ತಿದ್ದಿಸಿಕೊಳ್ಳುವುದು ಕ್ಷೇಮ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ. ಇಷ್ಟೂ ಜನರ ಪಕ್ಕದಲ್ಲಿ ದಿನಾ ಒಬ್ಬ ಥೆರಪಿಸ್ಟ್ ನಿಲ್ಲುವುದು ಆಗದ ಮಾತು, ಆದ್ದರಿಂದ ಮನೆಯ ಒಬ್ಬರಾದರೂ ಇದನ್ನು ಕಲಿತಿರಲಿ.

ಕಣ್ಣು ಮುಚ್ಚುವುದು, ಮೆತ್ತನೆಯ ಮೇಲೆ ನಿಲ್ಲುವುದು

ವಿಡಿಯೋಗಳಲ್ಲಿ ಮೊದಲ ದಿನವೇ ಕಣ್ಣು ಮುಚ್ಚಿಸುತ್ತಾರೆ. ನರಹಾನಿ ಇರುವವರಿಗೆ ಪಾದದ ಸುದ್ದಿ ಆಗಲೇ ಕಡಿಮೆ. ಕಣ್ಣನ್ನೂ ಮುಚ್ಚಿದರೆ ಉಳಿಯುವುದು ಒಳಕಿವಿಯೊಂದೇ. ಒಳಕಿವಿಯನ್ನು ಚುರುಕುಗೊಳಿಸಲು ಇದು ಬೇಕು ನಿಜ, ಆದರೆ ಆರೇಳು ವಾರಗಳ ನಂತರ, ಕೋಣೆಯ ಮೂಲೆಯಲ್ಲಿ ಬೆನ್ನು ಮಾಡಿ ನಿಂತು, ಮುಂದೆ ಕುರ್ಚಿಯ ಬೆನ್ನು ಇಟ್ಟುಕೊಂಡು, ಪಾದ ಅಗಲಿಸಿ, 5 ಸೆಕೆಂಡಿನಿಂದ. ಫೋಮ್ ಮೇಲೆ ನಿಲ್ಲುವುದೂ ಹೀಗೆಯೇ. ತಲೆದಿಂಬು ಜಾರುತ್ತದೆ, ಬೇಡ. ಮಡಿಸಿದ ಯೋಗ ಮ್ಯಾಟ್ ಸಾಕು. ಮೆತ್ತನೆಯದು ಉಳಿದ ಸ್ಪರ್ಶವನ್ನೂ ಮಸುಕಾಗಿಸುತ್ತದೆ ಎಂಬುದೇ ಅದರ ಉಪಯೋಗ, ಅದೇ ಅಪಾಯ. ಎರಡನ್ನೂ ಒಟ್ಟಿಗೆ ಮಾಡುವುದು ಮನೆಯ ಕೆಲಸವಲ್ಲ.

ಯೋಗ ಮಾಡುವವರಿಗೆ ಎರಡು ಮಾತು. ವೃಕ್ಷಾಸನವನ್ನು ಗೋಡೆಯ ಪಕ್ಕ, ಎತ್ತಿದ ಕಾಲಿನ ಬೆರಳು ನೆಲಕ್ಕೆ ತಾಗಿರುವಂತೆ, ಹಿಮ್ಮಡಿಯನ್ನಷ್ಟೇ ಇನ್ನೊಂದು ಕಾಲಿಗೆ ಆನಿಸಿ ಮಾಡಿದರೆ ಒಳ್ಳೆಯ ಅಭ್ಯಾಸ. ವಜ್ರಾಸನದಲ್ಲಿ ಬಹಳ ಹೊತ್ತು ಕೂರುವುದು ಬೇಡ. ಮಂಡಿಯ ಹೊರಬದಿಯಲ್ಲಿ ಮೂಳೆಗೆ ಅಂಟಿದಂತೆ ಹಾದುಹೋಗುವ ನರ ಒತ್ತಿಹೋಗಿ ಪಾದ ಜೋಲುಬೀಳಬಹುದು. ಸಕ್ಕರೆಯಿಂದ ಮೊದಲೇ ಬಳಲಿದ ನರ ಇಂಥ ಒತ್ತಡವನ್ನು ತಾಳುವುದಿಲ್ಲ. ಚಕ್ಕಳಮಕ್ಕಳ ಹಾಕಿ ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ಕೂರುವವರಿಗೆ ಪಾದದ ಕೀಲಿನ ಹೊರಗಂಟಿನ ಮೇಲೆ ಚರ್ಮ ಕಪ್ಪಾಗಿ ದಪ್ಪವಾಗಿರುತ್ತದೆ. ಅಲ್ಲೂ ಹುಣ್ಣಾಗುತ್ತದೆ.

ವಾಕಿಂಗ್, ಕೋಲು, ಕಲ್ಲುಹಾದಿ

ನರಹಾನಿ ಇರುವವರು ನಡೆದರೆ ಹುಣ್ಣಾಗುತ್ತದೆ ಎಂದು ಮೊದಲು ನಡಿಗೆಯನ್ನೇ ಬೇಡವೆನ್ನುತ್ತಿದ್ದರು. ಅಮೆರಿಕದ ಮಿಸೌರಿಯಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ವರ್ಷದ ಪ್ರಯೋಗದಲ್ಲಿ, ಸರಿಯಾದ ಪಾದರಕ್ಷೆ ಮತ್ತು ಪಾದದ ನಿಗಾ ಇದ್ದವರಲ್ಲಿ ನಡಿಗೆ ಹೆಚ್ಚಿಸಿದ್ದರಿಂದ ಹುಣ್ಣು ಹೆಚ್ಚಾಗಲಿಲ್ಲ. ಅಪಾಯ ಇರುವುದು ಒಮ್ಮೆಲೇ ಏರಿಸುವುದರಲ್ಲಿ. ದಿನದ ರೂಢಿಗೆ 1,000 ಹೆಜ್ಜೆಯಷ್ಟು ಸೇರಿಸಿ, ಕೆಲವು ವಾರ ಪಾದವನ್ನು ಗಮನಿಸಿ, ಆಮೇಲೆ ಮುಂದಿನದು. ವರ್ಷವೆಲ್ಲ ಮನೆಯಲ್ಲಿದ್ದು ಶಿವರಾತ್ರಿಗೆ ಧರ್ಮಸ್ಥಳಕ್ಕೆ ಬರಿಗಾಲ ಪಾದಯಾತ್ರೆ ಹೊರಟರೆ ಗುಳ್ಳೆ ಎದ್ದು ಒಡೆದದ್ದೂ ತಿಳಿಯುವುದಿಲ್ಲ. ಹರಕೆ ಇದ್ದವರು ತಿಂಗಳುಗಳ ಮೊದಲೇ ತಯಾರಿ ಶುರು ಮಾಡಲಿ, ಪಾದರಕ್ಷೆ ಹಾಕಿಕೊಂಡೇ ನಡೆಯಲಿ. ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆಗೆ ದಪ್ಪ ಕಾಲುಚೀಲವಾದರೂ ಬೇಕು.

ಪಾರ್ಕ್‌ಗಳಲ್ಲಿ ಉರುಟು ಕಲ್ಲು ಹುಗಿದ ಎಂಟಾಕಾರದ ಹಾದಿಗಳಿವೆ, ಅಕ್ಯುಪ್ರೆಶರ್ ಎಂದು ಬರಿಗಾಲಲ್ಲಿ ನಡೆಯುತ್ತಾರೆ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಅದು ಗಾಯದ ದಾರಿ. ಮುಳ್ಳುಮುಳ್ಳಿನ ಮ್ಯಾಟು, ಚಪ್ಪಲಿಗಳೂ ಅಷ್ಟೇ. ಅವನ್ನು ಪ್ರೀತಿಯಿಂದ ಉಡುಗೊರೆ ಕೊಡುವ ಮಕ್ಕಳಿಗೆ ಇದು ಗೊತ್ತಿರಬೇಕು.

ಕೋಲು ಹಿಡಿಯಲು ನಾಚಿಕೆಪಡುವವರು ಹೆಚ್ಚು. ಇಲ್ಲಿ ಕೋಲಿನ ಕೆಲಸ ಭಾರ ಹೊರುವುದಕ್ಕಿಂತ ಸುದ್ದಿ ತರುವುದು. ಗಟ್ಟಿಯಾದ ಏನನ್ನಾದರೂ ಬೆರಳ ತುದಿಯಿಂದ ಹಗುರವಾಗಿ ಮುಟ್ಟಿದರೂ ವಾಲಾಟ ಕಡಿಮೆಯಾಗುತ್ತದೆ, ಏಕೆಂದರೆ ನೆಲ ಎಲ್ಲಿದೆ ಎಂದು ಪಾದ ಹೇಳದಿದ್ದದ್ದನ್ನು ಕೈ ಹೇಳುತ್ತದೆ. ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ತುದಿಯ ರಬ್ಬರು ಸವೆದು ನುಣುಪಾದರೆ ಬದಲಾಯಿಸಿ. ಸಂಜೆಯ ಮೇಲೆ, ಗದ್ದೆಯ ಬದುವಿನಲ್ಲಿ, ಮದುವೆ ಮನೆಯ ನೂಕುನುಗ್ಗಲಲ್ಲಿ ಕೋಲು ಬೇಕೇ ಬೇಕು. ಮೆಟ್ಟಿಲಿಳಿಯುವಾಗ ಕೈಹಿಡಿ ಹಿಡಿದು, ಬೈಫೋಕಲ್ ಕನ್ನಡಕದ ಕೆಳಗಿನ ಭಾಗದಿಂದ ನೋಡದೆ ತಲೆ ಬಗ್ಗಿಸಿ ಮೇಲಿನ ಭಾಗದಿಂದ ನೋಡಿ. ಓದುವ ಗಾಜಿನಲ್ಲಿ ಮೆಟ್ಟಿಲಿನ ಅಂಚು ಮಸುಕಾಗಿ ಕಾಣುತ್ತದೆ.

ಬಿದ್ದರೆ ಏಳುವುದು

ಇದನ್ನೂ ಅಭ್ಯಾಸ ಮಾಡಿಸಬೇಕು, ಮೊದಲ ಸಲ ಥೆರಪಿಸ್ಟ್ ಜೊತೆ, ಜಮಖಾನದ ಮೇಲೆ. ಬಿದ್ದ ಕೂಡಲೇ ಏಳಲು ಹೋಗಬೇಡಿ. ಒಂದು ನಿಮಿಷ ಮಲಗಿದ್ದು ಕೈಕಾಲು ಆಡಿಸಿ ನೋಡಿ. ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಕೈ-ಮಂಡಿಗಳ ಮೇಲೆ ಬನ್ನಿ. ಹಾಗೇ ಅಂಬೆಗಾಲಲ್ಲಿ ಗಟ್ಟಿ ಕುರ್ಚಿಯೋ ಮಂಚವೋ ಇರುವಲ್ಲಿಗೆ ಹೋಗಿ, ಎರಡೂ ಕೈಯನ್ನು ಅದರ ಮೇಲಿಟ್ಟು, ಬಲವಿರುವ ಕಾಲಿನ ಪಾದವನ್ನು ಮುಂದೆ ಊರಿ, ಎದ್ದು, ತಿರುಗಿ ಕುಳಿತುಕೊಳ್ಳಿ. ಮನೆಯವರು ಕಂಕುಳಿಗೆ ಕೈಹಾಕಿ ಎಳೆಯಬಾರದು. ಕುರ್ಚಿ ತಂದು ಹತ್ತಿರ ಇಟ್ಟರೆ ಅದೇ ದೊಡ್ಡ ನೆರವು.

ಕುಳಿತ ಮೇಲೆ ಶುಗರ್ ನೋಡಿ, ಬಿಪಿ ನೋಡಿ, ಚಪ್ಪಲಿ, ಕಾಲುಚೀಲ ಬಿಚ್ಚಿ ಎರಡೂ ಪಾದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೂಳೆ ಮುರಿದಿದ್ದರೂ ಈ ಪಾದಗಳಲ್ಲಿ ನೋವು ತೀರಾ ಕಡಿಮೆ ಇರಬಹುದು, ನಡೆಯಲೂ ಆಗಬಹುದು. ಹಾಗಾಗಿ ‘ನಡೆಯೋಕಾಗ್ತಿದೆ, ಮುರಿದಿಲ್ಲ’ ಎಂಬ ಎಂದಿನ ಲೆಕ್ಕ ಇಲ್ಲಿ ನಡೆಯದು. ಅಂದೋ ಮಾರನೆಯ ದಿನವೋ ಒಂದು ಪಾದ ಊದಿದ್ದರೆ, ಮುಟ್ಟಿದರೆ ಇನ್ನೊಂದಕ್ಕಿಂತ ಬೆಚ್ಚಗಿದ್ದರೆ, ಕಾಲೂರದೆ ಹೋಗಿ ಎಕ್ಸ್‌ರೇ ತೆಗೆಸಿ. ಎಕ್ಸ್‌ರೇ ಸರಿಯಾಗಿದ್ದೂ ಪಾದದ ಬಿಸಿ ಇಳಿಯದಿದ್ದರೆ ಅಷ್ಟಕ್ಕೇ ಬಿಡದೆ ಪಾದದ ತಜ್ಞರಿಗೆ ತೋರಿಸಿ, ಏಕೆಂದರೆ ಶಾರ್ಕೋ ಪಾದ ಮೊದಮೊದಲು ಎಕ್ಸ್‌ರೇಯಲ್ಲಿ ಕಾಣದೆ ಎಂಆರ್‌ಐನಲ್ಲಿ ಮಾತ್ರ ಕಾಣಬಹುದು.